ತಾಮ್ರದ ದುಡ್ಡು, ಮಲೆನಾಡಿನ ಮಳೆ, ಒಂದು ಕ್ಯಾಮೆರಾ

ಒಂದು ಉಂಡೆ ಹುಣಸೆಹಣ್ಣು, ಒಂದು ಚಿಟಿಕೆ ಉಪ್ಪು, ತೆಂಗಿನ ನಾರು. ನಮ್ಮ ಕಡೆ ಹಂಡೆ, ಚೊಂಬು, ದೇವರ ಮನೆಯ ಹರಿವಾಣ ಬೆಳಗುವುದು ಇದರಲ್ಲೇ. ನನಗೆ ಹದಿನಾಲ್ಕು ವರ್ಷ ಇದ್ದಾಗ ದೀಪಾವಳಿಯ ಲಕ್ಷ್ಮೀಪೂಜೆಗೆ ಅಂತ ಅಟ್ಟದ ಮೇಲಿನ ಡಬ್ಬಿ ಇಳಿಸಿದರು. ಒಳಗೆ ಹದಿನೆಂಟು ತಾಮ್ರದ ದುಡ್ಡು. ಪೂಜೆಗೆ ಚೆನ್ನಾಗಿ ಕಾಣಲಿ ಅಂತ ಹದಿನೆಂಟನ್ನೂ ಕೂತು ತಿಕ್ಕಿದೆ. ಥಳಥಳ ಅಂದವು. ಅಜ್ಜಿ ಭೇಷ್ ಅಂದರು.

ಆ ಹದಿನೆಂಟೂ ಈಗಲೂ ನನ್ನ ಹತ್ತಿರವೇ ಇವೆ. ಒಂದು ತಿಂಗಳಲ್ಲಿ ಆ ಹೊಳಪು ಹೋಯಿತು. ಉಳಿದದ್ದು ಬೇಯಿಸಿದ ಗೆಣಸಿನಂಥ ಒಂದು ಮಂಕು ಬಣ್ಣ. ಅದರಲ್ಲಿ 1862ರ ಕಾಲಾಣೆ ಒಂದಿದೆ. ವಿಕ್ಟೋರಿಯಾ ರಾಣಿಯ ಕೂದಲಿನ ಎಳೆಗಳು ಇನ್ನೂ ಒಂದೊಂದಾಗಿ ಕಾಣುತ್ತವೆ, ಉಡುಪಿನ ಕಸೂತಿ ಸವೆದಿಲ್ಲ. ಹುಣಸೆಹಣ್ಣು ಮುಟ್ಟಿಸದೆ ಇದ್ದಿದ್ದರೆ ಅದು ಒಳ್ಳೆ ದರ್ಜೆಯ ನಾಣ್ಯ. ಈಗ ಅದನ್ನು ಯಾರೂ ಕೈಯಲ್ಲೂ ಹಿಡಿಯುವುದಿಲ್ಲ.

ಹಾಗಾಗಿ ಮೊದಲ ಹೆಜ್ಜೆ ಇದೇ. ಮನೆಯಲ್ಲಿ ಹಳೆ ತಾಮ್ರದ ದುಡ್ಡು ಸಿಕ್ಕರೆ ತೊಳೆಯಬೇಡಿ, ತಿಕ್ಕಬೇಡಿ, ಎಣ್ಣೆ ಹಚ್ಚಬೇಡಿ. ಹೇಗಿದೆಯೋ ಹಾಗೇ ಒಂದು ಫೋಟೋ ತೆಗೆದಿಡಿ. ಉಳಿದದ್ದು ಆಮೇಲೆ.

ಯಾವುದನ್ನು ಹುಡುಕಬೇಕು

ಮಲೆನಾಡಿನ ಮನೆಗಳಲ್ಲಿ ಹೆಚ್ಚಾಗಿ ಸಿಗುವುದು ಮೂರು ಥರ.

ಮೊದಲನೆಯದು ಆನೆಯ ದುಡ್ಡು. ಹೈದರ್ ಮತ್ತು ಟಿಪ್ಪು ಕಾಲದ ತಾಮ್ರದ ನಾಣ್ಯದ ಒಂದು ಬದಿ ಆನೆ ನಿಂತಿರುತ್ತದೆ. ಇನ್ನೊಂದು ಬದಿ ಪರ್ಷಿಯನ್ ಅಕ್ಷರದಲ್ಲಿ ಟಂಕಸಾಲೆಯ ಹೆಸರು. ನಮ್ಮ ಹೊಸನಗರ ತಾಲೂಕಿನ ನಗರ ಇದೆಯಲ್ಲ, ಹಳೆಯ ಬಿದನೂರು, ಅದೂ ಒಂದು ಟಂಕಸಾಲೆ. ಕೆಳದಿ ನಾಯಕರ ಈ ರಾಜಧಾನಿಯನ್ನು ಹೈದರ್ 1763ರಲ್ಲಿ ಹಿಡಿದು ಹೈದರ್‌ನಗರ ಅಂತ ಹೆಸರಿಟ್ಟ. ಟಿಪ್ಪು ಕಾಲದ ನಾಣ್ಯಗಳ ಮೇಲೆ 'ಜರ್ಬ್ ನಗರ್' ಅಂತ ಇರುತ್ತದೆ, ಅಂದರೆ ನಗರದಲ್ಲಿ ಅಚ್ಚಾದದ್ದು. ಬಸ್ಸಿನಲ್ಲಿ ಹೋಗುವಾಗ ರಸ್ತೆ ಪಕ್ಕದಲ್ಲೇ ಕಾಣುವ ಕೋಟೆಯ ಊರಿನಲ್ಲಿ ಹುಟ್ಟಿದ ದುಡ್ಡು ಅಂಗೈಯಲ್ಲಿ ಕೂತಾಗ ಆಗುವ ಖುಷಿಯೇ ಬೇರೆ. ಟಿಪ್ಪುವಿನ ಒಂದು ಪೈಸೆ ಸುಮಾರು 11 ಗ್ರಾಂ ತೂಗುತ್ತದೆ. ಒಂದು ಗಮ್ಮತ್ತಿನ ಸಂಗತಿ: ಮೌಲೂದಿ ಶಕೆ, ಅಂದರೆ ಟಿಪ್ಪುವೇ ತಂದ ವರ್ಷದ ಲೆಕ್ಕ, ಬಂದ ಮೇಲೆ ಇಸವಿಯ ಅಂಕಿಗಳನ್ನು ಅವನು ಬಲದಿಂದ ಎಡಕ್ಕೆ ಬರೆಸಿದ. 1218 ಅನ್ನುವುದು ನಮ್ಮ ಕಣ್ಣಿಗೆ 8121 ಅಂತ ಕಾಣುತ್ತದೆ. ಗೊತ್ತಿಲ್ಲದವರು ನಕಲಿ ಅಂತ ಪಕ್ಕಕ್ಕೆ ಇಟ್ಟುಬಿಡುತ್ತಾರೆ.

ಎರಡನೆಯದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸು. ಇದರಲ್ಲೂ ಆನೆ ಇದೆ, ಮೇಲೆ 'ಶ್ರೀ' ಇರುತ್ತದೆ. ಹಿಂಬದಿಯಲ್ಲಿ ಕನ್ನಡದಲ್ಲೇ 'ಮಯಿಲಿ ಕಾಸು' ಅಂತ, ಜೊತೆಗೆ ಇಂಗ್ಲಿಷಿನಲ್ಲಿ ಬೆಲೆ. ಕೊನೆಯ ಹತ್ತು ವರ್ಷದವುಗಳಲ್ಲಿ ಆನೆಯ ಜಾಗಕ್ಕೆ ಸಿಂಹವೂ ಬಂದಿದೆ. 1843ಕ್ಕೆ ಈ ಕಾಸಿನ ಟಂಕಸಾಲೆ ಮುಚ್ಚಿತು.

ಮೂರನೆಯದು ಕಂಪನಿ ಮತ್ತು ಬ್ರಿಟಿಷ್ ಕಾಲದ ಕಾಲಾಣೆ. ನಿಜವಾಗಿ ಒಳ್ಳೆ ದರ್ಜೆಯದು ಬೇಕು ಅನ್ನುವವರು ಶುರು ಮಾಡಬೇಕಾದದ್ದು ಇಲ್ಲಿಂದ. ಆನೆಯ ದುಡ್ಡು ಕೈಯಿಂದ ಅಚ್ಚು ಹೊಡೆದದ್ದು, ಅಚ್ಚೇ ಓರೆ ಇರುತ್ತದೆ, ಸವೆತವೂ ಜಾಸ್ತಿ. ಕಾಲಾಣೆ ಯಂತ್ರದ್ದು. 1835ರದ್ದರಲ್ಲಿ ಕಂಪನಿಯ ಲಾಂಛನ, 1862ರಿಂದ ರಾಣಿ, 1877ರಿಂದ ಸಾಮ್ರಾಜ್ಞಿ. ತೂಕ ಸುಮಾರು 6.48 ಗ್ರಾಂ. 1906ರಲ್ಲಿ ತಾಮ್ರ ಬಿಟ್ಟು ಕಂಚಿಗೆ ಬಂದರು, ತೂಕ 4.86 ಗ್ರಾಮಿಗೆ ಇಳಿಯಿತು. ಆ ಒಂದು ವರ್ಷ ಎರಡೂ ಇವೆ. ಆದ್ದರಿಂದ 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಒಂದು ಇಟ್ಟುಕೊಳ್ಳಿ. ಅಕ್ಕಸಾಲಿಗರ ಹತ್ತಿರ ಇರುವಂಥದ್ದೇ.

ದರ್ಜೆ ನೋಡುವುದು

ನಾಣ್ಯದ ದರ್ಜೆಗೆ 1ರಿಂದ 70ರ ತನಕ ಅಂಕ ಕೊಡುವ ಪದ್ಧತಿ ಇದೆ. ಇದನ್ನು 1949ರಲ್ಲಿ ವಿಲಿಯಂ ಶೆಲ್ಡನ್ ಮೊದಲು ಮಾಡಿದ್ದು ಅಮೆರಿಕದ ತಾಮ್ರದ ದೊಡ್ಡ ಸೆಂಟುಗಳಿಗೆ. 60 ಅಥವಾ ಅದರ ಮೇಲೆ ಅಂದರೆ ಚಲಾವಣೆಗೇ ಹೋಗದ್ದು. ತಾಮ್ರಕ್ಕೆ ಇನ್ನೊಂದು ಲೆಕ್ಕವೂ ಉಂಟು, ಬಣ್ಣದ ಲೆಕ್ಕ. ಟಂಕಸಾಲೆಯಿಂದ ಬಂದಾಗಿನ ಕೆಂಪು ನೂರಕ್ಕೆ 95 ಭಾಗಕ್ಕಿಂತ ಜಾಸ್ತಿ ಉಳಿದಿದ್ದರೆ ಕೆಂಪು, 5 ಭಾಗಕ್ಕಿಂತ ಕಡಿಮೆ ಉಳಿದಿದ್ದರೆ ಕಂದು, ನಡುವಿನದ್ದು ಕೆಂಪು-ಕಂದು. ಕೆಂಪಿಗೆ ಬೆಲೆ ಹೆಚ್ಚು. ಆದರೆ ನಾನು ಕೊಳ್ಳುವುದು ಒಳ್ಳೆ ಕಂದು. ನಮ್ಮ ಹವೆಯಲ್ಲಿ ಕೆಂಪನ್ನು ಕೆಂಪಾಗೇ ಇಡುವುದು ಹಾವಿನ ಮರಿ ಸಾಕಿದ ಹಾಗೆ.

ಕೈಯಲ್ಲಿ ಹಿಡಿದು ನೋಡುವಾಗ ಎತ್ತರದ ಜಾಗಗಳನ್ನು ನೋಡಿ. ರಾಣಿಯ ನಾಣ್ಯದಲ್ಲಿ ಕಿವಿಯ ಮೇಲಿನ ಕೂದಲು, ಕೆನ್ನೆ, ಕಿರೀಟ, ಎದೆಯ ಮೇಲಿನ ಕಸೂತಿ. ಆನೆಯಲ್ಲಿ ಕಿವಿ ಮತ್ತು ಹಣೆ. ಸವೆತ ಮೊದಲು ಶುರುವಾಗುವುದು ಅಲ್ಲಿಂದ. ಕೆಲವೊಮ್ಮೆ ಅಲ್ಲಿ ಗೆರೆ ಇರುವುದಿಲ್ಲ, ಆದರೆ ಹೊಳಪು ಇರುತ್ತದೆ. ಅದು ಸವೆತ ಅಲ್ಲ, ಅಚ್ಚೇ ಸರಿಯಾಗಿ ಬಿದ್ದಿಲ್ಲ. ಇನ್ನು ಬಲ್ಬಿನ ಕೆಳಗೆ ನಾಣ್ಯವನ್ನು ಮೆಲ್ಲಗೆ ಓಲಾಡಿಸಿ. ತಿಕ್ಕದ ನಾಣ್ಯದಲ್ಲಿ ಬೆಳಕು ಗಾಡಿಚಕ್ರದ ಅರೆಕಾಲುಗಳ ಹಾಗೆ ಸುತ್ತುತ್ತದೆ. ತಿಕ್ಕಿದ್ದರಲ್ಲಿ ಬೆಳಕು ಒಂದೇ ಕಡೆ ಸಪ್ಪೆಯಾಗಿ ಕೂತಿರುತ್ತದೆ, ಸಣ್ಣ ಗೀರುಗಳು ಎಲ್ಲಾ ಒಂದೇ ದಿಕ್ಕಿಗೆ ಓಡಿರುತ್ತವೆ. ಹಿಡಿಯುವಾಗ ಅಂಚನ್ನು ಮಾತ್ರ ಹಿಡಿಯಿರಿ, ಕೆಳಗೆ ಮೆತ್ತನೆ ಬಟ್ಟೆ ಇರಲಿ. ಬೆರಳಿನ ಗುರುತು ತಾಮ್ರದ ಮೇಲೆ ಕೆಲವೇ ದಿನದಲ್ಲಿ ಕಚ್ಚಿಕೊಳ್ಳುತ್ತದೆ.

ಕೊಳ್ಳುವಾಗ

ಗುಜರಿ ಅಂಗಡಿ, ಹಳೆ ಪಾತ್ರೆಯವರು, ಜಾತ್ರೆ, ನೆಂಟರ ಮನೆಯ ಅಟ್ಟ. ಎಲ್ಲಾ ಕಡೆ ನೋಡಬಹುದು. ನೋಡಿ ಕಣ್ಣು ಪಳಗಿಸಿಕೊಳ್ಳುವುದಕ್ಕೆ ಗುಜರಿಗಿಂತ ಒಳ್ಳೆ ಶಾಲೆ ಇಲ್ಲ. ಆದರೆ ಒಳ್ಳೆ ದರ್ಜೆಯದು ಸಿಗುವುದು ಬಹುಮಟ್ಟಿಗೆ ಬೇರೆ ಸಂಗ್ರಹಕಾರರಿಂದ ಮತ್ತು ಪರವಾನಗಿ ಇರುವ ವ್ಯಾಪಾರಿಗಳಿಂದ. ಬಿಲ್ ಕೇಳಿ ತೆಗೆದುಕೊಳ್ಳಿ.

ಶ್ರೀರಾಮನ ಪಟ್ಟಾಭಿಷೇಕ ಅಥವಾ ಹನುಮಂತ ಇರುವ '1818ರ ಈಸ್ಟ್ ಇಂಡಿಯಾ ಕಂಪನಿ' ದುಡ್ಡು ಯಾರಾದರೂ ತೋರಿಸಿದರೆ ಕೈಮುಗಿದು ಎದ್ದು ಬನ್ನಿ. ಕಂಪನಿ ಅಂಥದ್ದನ್ನು ಹೊರಡಿಸಿಯೇ ಇಲ್ಲ. ಅಕ್ಕಿ ಎಳೆಯುವ ತಾಮ್ರ, ಅದೇ ರೈಸ್ ಪುಲ್ಲಿಂಗ್, ಅದಂತೂ ಮೋಸದಲ್ಲಿ ಮೋಸ. ನಿಮ್ಮ ಹಳೆ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಇಷ್ಟು ಕಮಿಷನ್ ಕಟ್ಟಿ ಅನ್ನುವ ಫೋನೂ ಹಾಗೇ. ತನ್ನ ಹೆಸರು ಹೇಳಿಕೊಂಡು ಹೀಗೆ ಹಣ ಕೇಳುತ್ತಾರೆ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ.

ಅಗೆದು ತಂದದ್ದನ್ನು ಮುಟ್ಟಬೇಡಿ. ತೋಟದಲ್ಲಿ ಅಗೆಯುವಾಗ ಗಡಿಗೆ ಸಿಕ್ಕರೆ ಅದು ನಿಧಿಯ ಲೆಕ್ಕಕ್ಕೆ ಬರುತ್ತದೆ, ಜಿಲ್ಲಾಧಿಕಾರಿಗೆ ತಿಳಿಸಬೇಕು. ಕಾನೂನು ಹಾಗೇ ಇದೆ. ನಿಧಿ ಆಸೆಗೆ ಹಳೆ ಗುಡಿ, ಕೋಟೆ ಅಗೆದು ಹಾಳು ಮಾಡಿದ್ದು ನಮ್ಮ ಸೀಮೆಯಲ್ಲಿ ಎಷ್ಟಿಲ್ಲ. ನೂರು ವರ್ಷ ದಾಟಿದ ನಾಣ್ಯವನ್ನು ಹೊರದೇಶಕ್ಕೆ ಕಳಿಸುವ ಹಾಗೂ ಇಲ್ಲ, 1972ರ ಪ್ರಾಚ್ಯವಸ್ತು ಕಾಯ್ದೆ ಅಡ್ಡ ಬರುತ್ತದೆ. ವಿದೇಶದಲ್ಲಿರುವ ಭಾವನಿಗೆ ಉಡುಗೊರೆ ಕೊಡುವ ಯೋಚನೆ ಇದ್ದರೆ ಉಪ್ಪಿನಕಾಯಿ ಕಳಿಸಿ.

ಮಳೆಗಾಲ ದಾಟಿಸುವುದು

ಜೂನ್ ಬಂತು ಅಂದರೆ ನಮ್ಮಲ್ಲಿ ಚಪ್ಪಲಿಗೂ ಬೂಸ್ಟು, ಪುಸ್ತಕಕ್ಕೂ ಬೂಸ್ಟು. ಗಾಳಿಯ ತೇವ ತೋರಿಸುವ ಸಣ್ಣ ಮೀಟರ್ ಒಂದು ನಮ್ಮ ನಡುಮನೆಯಲ್ಲಿದೆ. ಜುಲೈನಲ್ಲಿ ಅದು ನೂರಕ್ಕೆ 85ರ ಕೆಳಗೆ ಇಳಿದದ್ದನ್ನು ನಾನು ಕಂಡದ್ದು ಕಡಿಮೆ. ತಾಮ್ರಕ್ಕೆ 40ರ ಕೆಳಗಿದ್ದರೆ ಕ್ಷೇಮ.

ಅದಕ್ಕೆ ಗಾಳಿಯಾಡದ ಡಬ್ಬಿಯೇ ಬೇಕು. ಅಡುಗೆ ಮನೆಗೆ ಬರುವ ರಬ್ಬರ್ ಅಂಚಿನ ಡಬ್ಬಿ ಬೇಡ, ರಬ್ಬರಿನಲ್ಲಿ ಇರುವ ಗಂಧಕ ತಾಮ್ರವನ್ನು ಕಪ್ಪು ಮಾಡುತ್ತದೆ. ಸಿಲಿಕೋನ್ ಅಂಚಿನದ್ದು ನೋಡಿ. ಒಳಗೆ ಸಿಲಿಕಾ ಜೆಲ್, ಜೊತೆಗೆ ಇನ್ನೊಂದು ಸಣ್ಣ ಮೀಟರ್. ಕಿತ್ತಳೆ ಬಣ್ಣದ ಜೆಲ್ ತೇವ ಹೀರಿ ಹಸಿರಾದಾಗ ಹಳೆ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈಯಾಡಿಸಿ, ಮತ್ತೆ ಕಿತ್ತಳೆ ಆಗುತ್ತದೆ. ಮಳೆಗಾಲದಲ್ಲಿ ನಾನು ಹದಿನೈದು ದಿನಕ್ಕೊಮ್ಮೆ ಹುರಿಯುತ್ತೇನೆ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.

ನಾಣ್ಯಗಳನ್ನು ಒಂದೊಂದಾಗಿ ಗಟ್ಟಿ ಪ್ಲಾಸ್ಟಿಕ್ಕಿನ ದುಂಡು ಕ್ಯಾಪ್ಸೂಲಿನಲ್ಲಿ ಇಡಿ. ಮೆತ್ತನೆಯ, ವಾಸನೆ ಬರುವ ಪಿವಿಸಿ ಆಲ್ಬಮ್ ಬೇಡ. ಕೆಲವು ವರ್ಷದಲ್ಲಿ ಅದು ಹಸಿರು ಅಂಟು ಬಿಡುತ್ತದೆ. ಅಂಟು ಆಗಲೇ ಹಿಡಿದಿದ್ದರೆ ಶುದ್ಧ ಅಸಿಟೋನಿನಲ್ಲಿ ಅದ್ದಿ ತೆಗೆಯಬಹುದು, ಗಾಜಿನ ಬಟ್ಟಲಿನಲ್ಲಿ, ಕಿಟಕಿ ತೆರೆದು, ಒಲೆಯಿಂದ ದೂರ. ಉಜ್ಜಬೇಡಿ. ನೇಲ್ ಪಾಲಿಶ್ ತೆಗೆಯುವ ದ್ರವ ಆಗುವುದಿಲ್ಲ, ಅದರಲ್ಲಿ ಎಣ್ಣೆ, ಸುವಾಸನೆ ಎಲ್ಲಾ ಬೆರೆತಿರುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿಟ್ಟರೆ ಚೆನ್ನಾಗಿರುತ್ತದೆ ಅನ್ನುವ ಮಾತು ನಮ್ಮಲ್ಲಿದೆ. ಎಣ್ಣೆ ಕಮಟಾದ ಮೇಲೆ ಅದರ ಹುಳಿಯೇ ತಾಮ್ರವನ್ನು ತಿಂದು ಹಸಿರು ಮಾಡುತ್ತದೆ.

ಹಸಿರು ಕಂಡ ಕೂಡಲೇ ಗಾಬರಿ ಬೇಡ, ಅಲ್ವಾ? ಗಟ್ಟಿಯಾಗಿ, ನಯವಾಗಿ, ಕಡು ಹಸಿರಾಗಿ ಕೂತ ಹಳೆ ಕಿಲುಬು ಅಲ್ಲಿಗೇ ನಿಂತಿರುತ್ತದೆ. ಹೆದರಬೇಕಾದದ್ದು ತೆಳು ಹಸಿರಿನ ಪುಡಿಗೆ. ಮೆತ್ತನೆ ಕುಂಚದಲ್ಲಿ ಉದುರಿಸಿದರೂ ವಾರದಲ್ಲಿ ಅದೇ ಜಾಗದಲ್ಲಿ ಮತ್ತೆ ಬರುತ್ತದೆ. ಇದು ಕ್ಲೋರೈಡಿನ ಕೆಲಸ, ತೇವ ಸಿಕ್ಕಷ್ಟೂ ಲೋಹವನ್ನು ಒಳಗಿಂದ ಕೊರೆಯುತ್ತದೆ. ಅಂಥ ನಾಣ್ಯವನ್ನು ಬೇರೆ ಡಬ್ಬಿಗೆ ಹಾಕಿ, ಚೆನ್ನಾಗಿ ಒಣಗಿಸಿ ಇಟ್ಟು, ಲೋಹ ಸಂರಕ್ಷಣೆ ಗೊತ್ತಿದ್ದವರಿಗೆ ತೋರಿಸಿ.

ಫೋಟೋ

ಈಗ ನನಗೆ ತುಂಬ ಇಷ್ಟದ ಭಾಗ. ಇಲ್ಲಿ ಕೂಡ ಶುರುವಾಗುವುದು ಒಂದು ಅವಮಾನದಿಂದಲೇ.

ಒಳ್ಳೆಯ ಕಂದು ಬಣ್ಣದ ಕಾಲಾಣೆ ಒಂದು ಸಿಕ್ಕಿತ್ತು. ಬೆಳಕು ಚೆನ್ನಾಗಿದೆ ಅಂತ ಜಗುಲಿಯ ಮೇಲೆ ಇಟ್ಟು ಫೋಟೋ ತೆಗೆದು, ಬೆಂಗಳೂರಿನಲ್ಲಿರುವ ಕೊಪ್ಪದ ಗೆಳೆಯನಿಗೆ ಕಳಿಸಿದೆ. ಐದು ನಿಮಿಷಕ್ಕೆ ಫೋನ್ ಬಂತು.

"ಏನ್ ಮಾರಾಯಾ, ಕಿಲುಬು ಹಿಡಿದಿದೆಯಲ್ಲ ಇದಕ್ಕೆ. ಬೇಗ ಬೇರೆ ತೆಗೆದಿಡು."

ನಾಣ್ಯ ನೋಡಿದೆ. ಹೊಚ್ಚ ಚಾಕೊಲೇಟ್ ಬಣ್ಣ, ಒಂದು ಚುಕ್ಕೆ ಹಸಿರಿಲ್ಲ. ಫೋಟೋ ನೋಡಿದೆ, ಪೂರ್ತಿ ಹಸಿರು. ತಲೆ ಎತ್ತಿದರೆ ಎದುರಿಗೆ ಅಡಿಕೆ ತೋಟ. ತೋಟದ ಎಲೆಗಳಿಂದ ಸೋಸಿ ಬಂದ ಬೆಳಕು ಹಸಿರಲ್ಲದೆ ಇನ್ನೇನಿರುತ್ತದೆ? ನಮ್ಮ ಕಣ್ಣು ಅದನ್ನು ತಾನೇ ಸರಿಮಾಡಿಕೊಳ್ಳುತ್ತದೆ, ಕ್ಯಾಮೆರಾ ಅಷ್ಟು ಸರಿಯಾಗಿ ಮಾಡಿಕೊಳ್ಳುವುದಿಲ್ಲ. ತಾಮ್ರದ ನಾಣ್ಯದಲ್ಲಿ ಬಣ್ಣವೇ ಅರ್ಧ ಬೆಲೆ, ಬಣ್ಣ ತಪ್ಪಿದ ಫೋಟೋ ಅಂದರೆ ಸುಳ್ಳು ಸಾಕ್ಷಿ.

ಆದ್ದರಿಂದ ಮೊದಲು ಬೆಳಕು. ಕಿಟಕಿ ಮುಚ್ಚಿ, ಕೋಣೆಯ ಟ್ಯೂಬ್‌ಲೈಟ್ ಆರಿಸಿ. ಒಂದೇ ಥರದ ಎರಡು ಎಲ್‌ಇಡಿ ಬಲ್ಬ್ ಇಟ್ಟುಕೊಳ್ಳಿ, ಡಬ್ಬದ ಮೇಲೆ ಸಿಆರ್‌ಐ, ಅಂದರೆ ಬಣ್ಣವನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಅಂಕ, 95 ಅಥವಾ ಮೇಲೆ ಅಂತ ಇರಬೇಕು. ಕಡಿಮೆ ಇದ್ದರೆ ಕೆಂಪು ಬಣ್ಣ ಸತ್ತಂತೆ ಬರುತ್ತದೆ. ನಾಣ್ಯವನ್ನು ಗಡಿಯಾರ ಅಂದುಕೊಂಡರೆ ಒಂದು ಬಲ್ಬ್ 10 ಗಂಟೆಯ ಕಡೆ, ಇನ್ನೊಂದು 2 ಗಂಟೆಯ ಕಡೆ. ಎರಡೂ ಸಾಕಷ್ಟು ಮೇಲೆ, ಲೆನ್ಸಿನ ಹತ್ತಿರಕ್ಕೆ ಇರಲಿ. ಬಲ್ಬ್ ತಗ್ಗಿಸಿದಷ್ಟೂ ಗೀರುಗಳು ಹೊಲದ ಸಾಲಿನ ಹಾಗೆ ಎದ್ದು ಕಾಣುತ್ತವೆ. ದೋಷ ಹುಡುಕುವುದಕ್ಕೆ ಅದು ಒಳ್ಳೆಯದು, ನಾಣ್ಯದ ಮುಖ ತೋರಿಸುವುದಕ್ಕೆ ಅಲ್ಲ. ಬಲ್ಬಿಗೆ ಟ್ರೇಸಿಂಗ್ ಪೇಪರ್ ಕಟ್ಟುವವರು ಇದ್ದಾರೆ. ಕೆಂಪು ನಾಣ್ಯಕ್ಕೆ ಕಟ್ಟಬೇಡಿ, ಆ ಸುತ್ತುವ ಹೊಳಪು ಮಾಯವಾಗುತ್ತದೆ. ಹಾಂ, ಕೆಂಪು ಅಂಗಿ ಹಾಕಿಕೊಂಡು ಕೂರಬೇಡಿ, ಅದೂ ನಾಣ್ಯದ ಮೇಲೆ ಕಾಣುತ್ತದೆ.

ಮಳೆಗಾಲದ ಕರೆಂಟ್ ನಂಬುವ ಹಾಗಿಲ್ಲ. ಬಲ್ಬ್ ಇಲ್ಲದ ದಿನ ಮೋಡ ಕವಿದ ಬಾನಿನ ಬೆಳಕೂ ನಡೆಯುತ್ತದೆ, ಮೆತ್ತಗೆ ಒಂದೇ ಸಮ ಇರುತ್ತದೆ. ಆದರೆ ಬರಿ ಆಕಾಶ ಕಾಣುವ ಜಾಗ ಆಗಬೇಕು. ಅಡಿಕೆ ಒಣಗಿಸುವ ತಾರಸಿ ಸರಿ, ಜಗುಲಿ ಅಲ್ಲ.

ನಾಣ್ಯವನ್ನು ನೇರ ಮೇಜಿನ ಮೇಲೆ ಇಡದೆ ಒಂದು ಬಾಟಲಿ ಮುಚ್ಚಳದ ಮೇಲೆ ಇಡಿ. ಹಿನ್ನೆಲೆ ಮಸುಕಾಗುತ್ತದೆ, ನೆರಳೂ ಬೀಳುವುದಿಲ್ಲ. ಕ್ಯಾಮೆರಾ ನಾಣ್ಯದ ಮೇಲಿಂದ ನೇರವಾಗಿ ಕೆಳಗೆ ನೋಡುತ್ತಿರಬೇಕು. ನೇರ ಇದೆಯೋ ಇಲ್ಲವೋ ತಿಳಿಯಲು ನಾಣ್ಯದ ಜಾಗದಲ್ಲಿ ಒಂದು ಸಣ್ಣ ಕನ್ನಡಿ ಇಡಿ. ಪರದೆಯ ನಟ್ಟನಡುವೆ ಲೆನ್ಸ್ ತನ್ನನ್ನು ತಾನೇ ಕಂಡರೆ ಸರಿ. ಓರೆಯಾಗಿದ್ದರೆ ದುಂಡು ನಾಣ್ಯ ಮೊಟ್ಟೆಯಾಗಿ ಬರುತ್ತದೆ, ಒಂದು ಅಂಚು ಸ್ಪಷ್ಟ, ಇನ್ನೊಂದು ಮಂಜು.

ಕ್ಯಾಮೆರಾ ಇದ್ದವರಿಗೆ 90ರಿಂದ 105 ಮಿಮೀ ಮ್ಯಾಕ್ರೋ ಲೆನ್ಸ್ ಅನುಕೂಲ. ದೂರದಿಂದಲೇ ತೆಗೆಯಬಹುದು, ಬಲ್ಬಿಗೆ ಜಾಗ ಸಿಗುತ್ತದೆ. ಐಎಸ್‌ಒ 100, ಅಪರ್ಚರ್ ಎಫ್8, ಎರಡು ಸೆಕೆಂಡಿನ ಟೈಮರ್. ಎಫ್16 ದಾಟಿದರೆ ಚಿತ್ರವೇ ಮೆತ್ತಗಾಗುತ್ತದೆ. ಫೋನ್ ಇದ್ದವರು ನಾಣ್ಯಕ್ಕೆ ಮೂಗು ತಾಗಿಸುವಷ್ಟು ಹತ್ತಿರ ಹೋಗಬೇಡಿ. ಫೋನಿನ ನೆರಳೇ ಬೀಳುತ್ತದೆ. ಒಂದು ಗೇಣು ದೂರದಲ್ಲಿ, 2 ಅಥವಾ 3 ಪಟ್ಟಿನ ಲೆನ್ಸ್ ಬಳಸಿ. ಪರದೆಯನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕನ್ನು ಸ್ವಲ್ಪ ಇಳಿಸಿ. ಎರಡು ದಪ್ಪ ಪುಸ್ತಕದ ರಾಶಿಯ ಮೇಲೆ ಗಾಜಿನ ಹಲಗೆ ಇಟ್ಟು ಫೋನ್ ಅದರ ಮೇಲೆ ಮಲಗಿಸಿದರೆ ಅದೇ ಸ್ಟ್ಯಾಂಡ್.

ವೈಟ್ ಬ್ಯಾಲೆನ್ಸ್, ಅಂದರೆ ಬಿಳಿಯನ್ನು ಬಿಳಿಯಾಗೇ ತೋರಿಸುವ ಹೊಂದಾಣಿಕೆ, ಅದನ್ನು ಫೋನಿನ ಇಷ್ಟಕ್ಕೆ ಬಿಡಬೇಡಿ. ಪರದೆ ತುಂಬ ತಾಮ್ರ ಕಂಡರೆ ಅದು ಕೆಂಪು ಜಾಸ್ತಿಯಾಯಿತು ಅಂದುಕೊಂಡು ನೀಲಿ ಸುರಿಯುತ್ತದೆ. ನಾಣ್ಯದ ಜಾಗದಲ್ಲಿ ಬೂದು ಬಣ್ಣದ ಕಾರ್ಡ್ ಇಟ್ಟು ಒಮ್ಮೆ ಹೊಂದಿಸಿ, ಆಮೇಲೆ ಬದಲಿಸಬೇಡಿ. ಪ್ರಿಂಟಿನ ಬಿಳಿ ಹಾಳೆ ಅಷ್ಟು ಒಳ್ಳೆಯದಲ್ಲ, ಅದರಲ್ಲೇ ತುಸು ನೀಲಿ ಇರುತ್ತದೆ.

ಕಡು ಕಂದು ನಾಣ್ಯಕ್ಕೆ ಇನ್ನೊಂದು ಉಪಾಯ ಇದೆ, ಗಾಜಿನದ್ದು. ಹಳೆ ಫೋಟೋ ಫ್ರೇಮಿನ ತೆಳು ಗಾಜನ್ನು ಲೆನ್ಸ್ ಮತ್ತು ನಾಣ್ಯದ ನಡುವೆ 45 ಡಿಗ್ರಿ ಓರೆಯಲ್ಲಿ ನಿಲ್ಲಿಸಿ. ಬಲ್ಬ್ ಪಕ್ಕದಿಂದ, ಗಾಜಿನ ಮಟ್ಟಕ್ಕೆ. ಬೆಳಕು ಗಾಜಿಗೆ ಬಡಿದು ನೇರ ಕೆಳಗೆ ನಾಣ್ಯದ ಮೇಲೆ ಇಳಿಯುತ್ತದೆ, ನಾಣ್ಯದಿಂದ ಹೊರಟು ಗಾಜು ದಾಟಿ ಲೆನ್ಸಿಗೆ ಬರುತ್ತದೆ. ಬಲ್ಬಿನ ಎದುರು ಬದಿಗೆ ಒಂದು ಕಪ್ಪು ಬಟ್ಟೆ ತೂಗುಹಾಕಿ. ನಗರದ ಪೈಸೆಯೊಂದನ್ನು ಮೊದಲ ಸಲ ಹೀಗೆ ತೆಗೆದಾಗ ಆನೆಯ ಕಣ್ಣು ಕಂಡಿತು. ಎರಡು ವರ್ಷ ಕೈಯಲ್ಲಿ ಆಡಿಸಿದ್ದ ನಾಣ್ಯ ಅದು, ಕಣ್ಣು ಸವೆದು ಹೋಗಿದೆ ಅಂತಲೇ ನಾನು ಬರೆದಿಟ್ಟಿದ್ದೆ.

ಎರಡೂ ಮುಖ ಒಂದೇ ಬೆಳಕಿನಲ್ಲಿ ತೆಗೆಯಿರಿ. ಅಂಚಿನದ್ದೂ ಒಂದು ಇರಲಿ. ಎರಕ ಹೊಯ್ದ ನಕಲಿ ಆದರೆ ಅಂಚಿನಲ್ಲಿ ಜೋಡಣೆಯ ಗೆರೆ ಕಾಣಬಹುದು. ಮಾರುವವರಾದರೆ ದೋಷದ್ದೇ ಒಂದು ಓರೆ ಬೆಳಕಿನ ಫೋಟೋ ಸೇರಿಸಿ. ಕಂಪ್ಯೂಟರಿನಲ್ಲಿ ಕತ್ತರಿಸುವುದು, ನೇರ ಮಾಡುವುದು ಇಷ್ಟೇ ಸಾಕು. ಬಣ್ಣ ಏರಿಸುವ ಗುಂಡಿ ಕಡೆ ಬೆರಳು ಹೋಗಬಾರದು. ನಾಣ್ಯವನ್ನು ಪರದೆ ಪಕ್ಕದಲ್ಲೇ ಹಿಡಿದು ಎರಡನ್ನೂ ನೋಡಿ. ಒಂದೇ ಥರ ಇದ್ದರೆ ಉಳಿಸಿಕೊಳ್ಳಿ.

ಫೈಲಿಗೆ ಹೆಸರು ಕೊಡುವಾಗ ಇಸವಿ, ಟಂಕಸಾಲೆ, ಮುಖ, ತೂಕ, ಫೋಟೋ ತೆಗೆದ ದಿನ ಎಲ್ಲಾ ಬರಲಿ. ದಿನಾಂಕ ಯಾಕೆ ಅಂದರೆ, ಮಳೆ ಬಿಟ್ಟು ದೀಪಾವಳಿ ಕಳೆದ ಮೇಲೆ ಪ್ರತಿವರ್ಷ ಎಲ್ಲವನ್ನೂ ಇನ್ನೊಮ್ಮೆ ಅದೇ ಬೆಳಕಿನಲ್ಲಿ ತೆಗೆಯುತ್ತೇನೆ. ಹಳೆಯದರ ಪಕ್ಕ ಹೊಸದನ್ನು ಇಟ್ಟು ನೋಡುತ್ತೇನೆ. 1877ರ ಒಂದು ಕಾಲಾಣೆಯಲ್ಲಿ ಇಸವಿಯ ಕೊನೆಯ 7ರ ಕೆಳಗೆ ರಾಗಿ ಕಾಳಿಗಿಂತ ಸಣ್ಣ ಕಪ್ಪು ಚುಕ್ಕೆ ಇದೆ. ಮೂರು ವರ್ಷದ ಮೂರು ಫೋಟೋದಲ್ಲಿ ಅದು ಇದ್ದಷ್ಟೇ ಇದೆ. ಈ ವರ್ಷದ್ದು ಇನ್ನೂ ತೆಗೆದಿಲ್ಲ, ಮಳೆ ನಿಂತಿಲ್ಲ.